‘ಮೆಮರಿ ಹೋಗಿದೆ’ ಎಂಬ ಷರಾ

ನಮ್ಮ ಸರಕಾರಿ ಶಾಲೆ-ಕಾಲೇಜುಗಳಲ್ಲಿ ‘ಡೆಡ್ ಸ್ಟಾಕ್ ರಜಿಸ್ಟರ್’ ಎಂಬ ಒಂದು ದಪ್ಪ ಪುಸ್ತಕವಿರುತ್ತದೆಂಬುದನ್ನು ವಾಚಕರು ಬಲ್ಲರು. ಕುರ್ಚಿ, ಮೇಜು, ಗೋಡೆಯ ಗಡಿಯಾರ, ಭೂಪಟ, ತಕ್ಕಡಿ ಇವೆಲ್ಲ ಆ ಪುಸ್ತಕದಲ್ಲಿ ಹುಟ್ಟಿ ಆ ಪುಸ್ತಕದಲ್ಲಿಯೇ ಸಾಯತಕ್ಕವು. ಸಾಯುವ ದಿನ ಕೊನೆಯ ಅಂಕಣದಲ್ಲಿ ಒಂದು ಷರಾ ಬೀಳುತ್ತದೆ. ಕುರ್ಚಿಯ ಮುಂದೆ ‘ಕಾಲು ಮುರಿದಿದೆ’ ಎಂದು ಬರೆದರೆ ಯಾರಿಗೂ ಸಂಶಯವಿಲ್ಲ. ಯಾವ ಕಾಲೆಂಬುದು ಕಣ್ಣಿಗೆ ಕಾಣುತ್ತದೆ, ಬಡಿಗನನ್ನು ಕರೆಸಿದರೆ ಕೂಡಿಸುತ್ತಾನೆ. ಆದರೆ ಗಣಕಯಂತ್ರದ ಮುಂದೆ ‘ಮೆಮರಿ ಹೋಗಿದೆ’ ಎಂದು ಬರೆದಾಗ ಎಷ್ಟು ಹೋಯಿತು, ಎಲ್ಲಿ ಹೋಯಿತು, ಹೋದದ್ದು ಹೇಗೆ ತಿಳಿಯಿತು ಎಂದು ಕೇಳುವವರು ಯಾರು? ಈ ಎರಡು ಶಬ್ದಗಳು ರೋಗನಿದಾನವಲ್ಲ. ನಿದಾನ ಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ ಎಂಬುದು ನನ್ನ ಅಭಿಪ್ರಾಯ. ಕಲಾ ಕಾಲೇಜಿನವನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಅದಕ್ಕೂ ಉತ್ತರವಿದೆ. ಮೊದಲು ಯಂತ್ರದ ಮಾತು.

೧೯೮೪ರಲ್ಲಿ ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಶಿಕ್ಷಣ ಮಂತ್ರಾಲಯವೂ ಕೂಡಿ ‘ಕ್ಲಾಸ್’ ಎಂಬ ಯೋಜನೆಯನ್ನು ಕೈಕೊಂಡವು. ದೇಶದ ೨೫೦ ಶಾಲೆಗಳಲ್ಲಿ ಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಕೊಡಬೇಕೆಂಬುದು ಅದರ ಆರಂಭದ ಸಂಕಲ್ಪ. ಮುಂದಿನ ವರ್ಷಗಳಲ್ಲಿ ಇನ್ನೂ ಅನೇಕ ಶಾಲೆಗಳು ಸೇರಿದವು. ಅದಕ್ಕಾಗಿ ಆರಿಸಿದ ಯಂತ್ರವೆಂದರೆ ಬಿ.ಬಿ.ಸಿ. ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ಜಿನ ಏಕಾರ್ನ್ ಕಂಪನಿಯವರು ಬಿ.ಬಿ.ಸಿ.ಯ ಶಿಕ್ಷಣ ಕಾರ್ಯಕ್ರಮಕ್ಕೆಂದು ೧೯೮೧ರ ಡಿಸೆಂಬರಿನಲ್ಲಿ ಹೊರತಂದ ಗೃಹಗಣಕ ಇದು. ಕೀಲಿಮಣೆಯೂ ಯಂತ್ರವೂ ಒಂದೇ ಪೆಟ್ಟಿಗೆಯಲ್ಲಿ, ಮನೆಯ ಟಿ.ವಿ.ಯೇ ಇದಕ್ಕೆ ತೆರೆ. ಇದರ ‘ಬಿ’ ಮಾದರಿಗೆ ೩೨ ಕಿಲೋಬೈಟ್ ಮೆಮರಿ. ಇಂದು ಜೇಬಿನಲ್ಲಿಟ್ಟುಕೊಳ್ಳುವ ಫೋನಿನಲ್ಲಿ ತೆಗೆದ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಯಲಾರದು.

ಧಾರವಾಡದ ಸಮೀಪದ ಒಂದು ಪ್ರೌಢಶಾಲೆಯ ಕಪಾಟಿನಲ್ಲಿ ಇಂಥ ಮೂರು ಯಂತ್ರಗಳು ಬಹುಕಾಲದಿಂದ ಕುಳಿತಿದ್ದವು. ಮೂರಕ್ಕೂ ಷರಾ ಒಂದೇ. ಕಳೆದ ವರ್ಷ ಎರಡು ಯಂತ್ರಗಳು ಕಿಲೋ ಲೆಕ್ಕದಲ್ಲಿ ಗುಜರಿಯವನ ಪಾಲಾದವು. ಮೂರನೆಯದನ್ನು ಅಲ್ಲಿಯ ಶಿಕ್ಷಕರೊಬ್ಬರು ಬೇಡಿ ಉಳಿಸಿಕೊಂಡು, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೊಂದಿದ ಓಣಿಯಲ್ಲಿ ರೇಡಿಯೋ, ಟಿ.ವಿ. ದುರಸ್ತಿ ಮಾಡುವ ಹಿರಿಯರೊಬ್ಬರಲ್ಲಿಗೆ ತಂದರು. ರಜೆಯ ದಿನಗಳಲ್ಲಿ ನಾನು ಆ ಅಂಗಡಿಯಲ್ಲಿ ಕೆಲಸಕ್ಕಿರುವುದರಿಂದ ಮುಂದಿನದನ್ನು ಕಣ್ಣಾರೆ ಕಂಡೆ.

ಗುಂಡಿಯೊತ್ತಿ ನೋಡೋಣವೆಂದು ಎಲ್ಲರಿಗೂ ಅವಸರ. ಆದರೆ ಹಿರಿಯರು ವಾಯರನ್ನು ಪ್ಲಗ್ಗಿಗೆ ಹಚ್ಚಲೇ ಇಲ್ಲ. “ತಮ್ಮಾ, ಹಳೇ ಮಷೀನಿಗೆ ಒಮ್ಮೆಲೇ ಕರೆಂಟ್ ಕೊಡಬಾರ್ದು. ಮೊದಲ ಊಟಾ ಸರಿ ಐತೇನು ನೋಡು, ಆಮ್ಯಾಲೆ ನೆನಪಿನ ಮಾತು” ಎಂದರು. ಪವರ್ ಸಪ್ಲೈಯ ಡಬ್ಬಿ ಬಿಚ್ಚಿದರು. ಒಳಗೆ ರೀಫಾ ಎಂಬ ತಯಾರಕರ ಪಾರದರ್ಶಕ ಹೊದಿಕೆಯ ಕೆಪಾಸಿಟರುಗಳು ಬೇಸಿಗೆಯ ಎರೆಹೊಲದಂತೆ ಬಿರುಕುಬಿಟ್ಟಿದ್ದವು. ವಯಸ್ಸಾದ ಮೇಲೆ ಆ ಬಿರುಕುಗಳಿಂದ ಗಾಳಿಯ ತೇವ ಒಳಹೊಕ್ಕು, ವಿದ್ಯುತ್ತು ಹರಿದ ಕೆಲವೇ ನಿಮಿಷಗಳಲ್ಲಿ ಅವು ಹೊಗೆಯುಗುಳಿ ಸಿಡಿಯುವುದು ಈ ಯಂತ್ರಗಳಲ್ಲಿ ತೀರ ಸಾಮಾನ್ಯವಂತೆ. ಹೊಗೆ ಕಂಡವನು ಯಂತ್ರವೇ ಸುಟ್ಟಿತೆಂದು ಬರೆದುಬಿಡುತ್ತಾನೆ; ನಿಜವಾಗಿ ಹೋದದ್ದು ಅಗ್ಗದ ಒಂದು ಬಿಡಿಭಾಗ. ಅವನ್ನು ಬದಲಿಸಿ, ಹೊರಗೆ ಬರುವ ವಿದ್ಯುತ್ತನ್ನು ಮೀಟರಿನಲ್ಲಿ ಅಳೆದರು. ೫ ವೋಲ್ಟ್ ಬರಬೇಕು, ೪.೭೫ಕ್ಕಿಂತ ಇಳಿದರೆ ಒಳ್ಳೆಯ ಚಿಪ್ಪೂ ಮರೆಗುಳಿಯಂತೆ ನಡೆಯುತ್ತದೆ. ಬಂತು.

ಆಮೇಲೆ ಗುಂಡಿಯೊತ್ತಿದ್ದು. ಈ ಯಂತ್ರಕ್ಕೆ ಒಂದು ವಿಶೇಷವಿದೆ. ವಿದ್ಯುತ್ತು ಬಂದೊಡನೆ ಅದರ ಧ್ವನಿಯ ಚಿಪ್ಪು ತನ್ನಷ್ಟಕ್ಕೆ ತಾನೇ ಒಂದು ಮಂದ್ರ ಸ್ವರವನ್ನು ಹೊರಡಿಸತೊಡಗುತ್ತದೆ. ಯಂತ್ರದ ಬುದ್ಧಿ ಎಚ್ಚತ್ತು ಕೆಲಸಕ್ಕೆ ತೊಡಗಿದಾಗ ಮಾತ್ರ ಅದನ್ನು ಸುಮ್ಮನಿರಿಸಿ ‘ಬೀಪ್’ ಎಂಬ ತಾರ ಸ್ವರದ ಸೂಚನೆ ಕೊಡುತ್ತದೆ. ಮಂದ್ರ ಸ್ವರ ನಿಲ್ಲದೆ ಹೋದರೆ ಒಳಗೆ ಯಾರೂ ಎದ್ದಿಲ್ಲವೆಂದರ್ಥ. ನಮ್ಮ ಯಂತ್ರದಲ್ಲಿ ಎರಡೂ ಸ್ವರ ಕ್ರಮವಾಗಿ ಕೇಳಿದವು.

ತೆರೆಯ ಮೇಲೆ ಕಂಡದ್ದು ಮಾತ್ರ ವಿಚಿತ್ರ. ಖಾಲಿ ಇರಬೇಕಾದ ಜಾಗವೆಲ್ಲ ಉದ್ಧರಣ ಚಿಹ್ನೆಗಳಿಂದ ತುಂಬಿಹೋಗಿತ್ತು. ಮೊದಲ ಸಾಲಿನಲ್ಲಿ ‘ಬಿಬಿಸಿ ಕಂಪ್ಯೂಟರ್ ೩೨ಕೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರಬೇಕಷ್ಟೆ. ‘ಬಿಬಿಸಿ’ ಸರಿಯಾಗಿತ್ತು, ‘೩೨ಕೆ’ ಸರಿಯಾಗಿತ್ತು. ನಡುವಿನ ‘ಕಂಪ್ಯೂಟರ್’ ಎಂಬುದು ಮಾತ್ರ ಯಾವ ಭಾಷೆಯಲ್ಲಿಯೂ ಓದಲು ಬಾರದ ಅಕ್ಷರಗಳ ರಾಶಿ. ತನ್ನ ಹೆಸರನ್ನೂ ತನ್ನ ಮೆಮರಿಯ ಅಳತೆಯನ್ನೂ ತಪ್ಪಿಲ್ಲದೆ ಹೇಳಿ ಉಳಿದುದನ್ನು ತೊದಲುವ ಇಂಥ ಯಂತ್ರವನ್ನು ಏನೆನ್ನಬೇಕು? ‘ಮೆಮರಿ ಹೋಗಿದೆ’ ಎಂದು ಬರೆದವರು ಇಲ್ಲಿಯವರೆಗೆ ನೋಡಿ ಪೆನ್ನು ತೆಗೆದಿರಬೇಕು.

“ಕಾಕಾ, ಮೆಮರಿ ಹೋಗೇದ ಅಂತನ ಬರದಾರಲ್ರೀ” ಎಂದೆ. “ಹೋಗೇದ ಅಂದ್ರ ಎಷ್ಟ ಹೋಗೇದ? ಹದಿನಾರದಾಗ ಒಂದ ಹೋದ್ರ ಹದಿನೈದ ಉಳದಾವ ಅಂತ ಬರೀಬೇಕಲ್ಲಾ” ಎಂದು, ಹುಬ್ಬಳ್ಳಿಯ ಹಳೆಯ ಇಂಗ್ಲಿಷ್ ಹೆಸರನ್ನು ಟೈಪ್ ಮಾಡಲು ಹೇಳಿದರು. ನಾನು ಎಚ್, ಯು, ಬಿ, ಎಲ್, ಐ ಒತ್ತಿದೆ. ತೆರೆಯ ಮೇಲೆ ಮೂಡಿದ್ದು ಜೆ, ಡಬ್ಲ್ಯೂ, ಬಿ, ಎನ್, ಕೆ.

ಇಲ್ಲಿ ವಾಚಕರು ತುಸು ತಾಳ್ಮೆಯಿಂದ ನನ್ನೊಡನೆ ಬರಬೇಕು. ಗಣಕದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕೆ ಗೊತ್ತುಮಾಡಿದೆ. ಎಚ್ ಎಂಬುದಕ್ಕೆ ೭೨, ಜೆ ಎಂಬುದಕ್ಕೆ ೭೪. ಯು ಎಂಬುದು ೮೫, ಡಬ್ಲ್ಯೂ ೮೭. ಎಲ್ ೭೬, ಎನ್ ೭೮. ಐ ೭೩, ಕೆ ೭೫. ತಪ್ಪಿದಲ್ಲೆಲ್ಲ ಸರಿಯಾಗಿ ಎರಡೇ ಹೆಚ್ಚು, ಮೂರಲ್ಲ, ಒಂದಲ್ಲ. ಬಿ ಒಂದೇ ಏಕೆ ಪಾರಾಯಿತು? ಪ್ರತಿ ಅಂಕೆಯನ್ನೂ ಯಂತ್ರವು ೧, ೨, ೪, ೮, ೧೬, ೩೨, ೬೪, ೧೨೮ ಎಂಬ ಎಂಟು ತೂಕದ ಕಲ್ಲುಗಳಿಂದ ತೂಗುತ್ತದೆ. ಕಲ್ಲು ಇದೆ ಅಥವಾ ಇಲ್ಲ, ಇಷ್ಟೇ ಲೆಕ್ಕ. ಈ ಎಂಟು ಕಲ್ಲುಗಳೇ ಎಂಟು ಬಿಟ್ಟುಗಳು. ಎಚ್ ಎಂದರೆ ೬೪ ಮತ್ತು ೮. ಅದರಲ್ಲಿ ಎರಡರ ಕಲ್ಲಿಲ್ಲ. ಬಿ ಎಂದರೆ ೬೬, ಅಂದರೆ ೬೪ ಮತ್ತು ೨. ಅದರಲ್ಲಿ ಎರಡರ ಕಲ್ಲು ಮೊದಲೇ ಇದೆ. ತಕ್ಕಡಿಯಲ್ಲಿ ಎರಡರ ಕಲ್ಲು ಅಂಟಿಕೊಂಡು ಕುಳಿತಿದ್ದರೆ ಎರಡು ಬೇಕಾದ ಸರಕಿನ ತೂಕ ಸರಿಯಾಗಿಯೇ ಬರುತ್ತದೆ, ಬೇಡವಾದದ್ದು ಮಾತ್ರ ಕೆಡುತ್ತದೆ. ‘ಬಿಬಿಸಿ’, ‘೩೨ಕೆ’ ಇವುಗಳ ಅಕ್ಷರಗಳಲ್ಲೆಲ್ಲ ಆ ಕಲ್ಲು ಹೇಗೂ ಇರುವುದರಿಂದ ಅವು ಪಾರಾಗಿದ್ದವು. ಖಾಲಿ ಜಾಗದ ಅಂಕೆ ೩೨. ಅದಕ್ಕೆ ಎರಡು ಕೂಡಿದರೆ ೩೪, ಉದ್ಧರಣ ಚಿಹ್ನೆ.

ಇಷ್ಟು ತಿಳಿದ ಮೇಲೆ ಚಿಪ್ಪನ್ನು ಹುಡುಕುವುದು ಓಣಿಯಲ್ಲಿ ಮನೆ ಹುಡುಕಿದಷ್ಟೇ ಸುಲಭ. ಮೆಮರಿಯ ಹದಿನಾರು ಚಿಪ್ಪುಗಳು ಎಂಟೆಂಟರ ಎರಡು ತಂಡಗಳಾಗಿವೆ. ಪ್ರತಿ ಚಿಪ್ಪಿನಲ್ಲಿ ೧೬,೩೮೪ ಬಿಟ್ಟುಗಳು. ಒಂದು ಚಿಪ್ಪು ಒಂದೇ ತೂಕದ ಕಲ್ಲನ್ನು ಕಾಯುತ್ತದೆ. ತೆರೆಯ ಮೇಲಿನ ಅಕ್ಷರಗಳನ್ನು ಯಂತ್ರವು ಮೇಲಿನ ತಂಡದಲ್ಲಿ ಇಟ್ಟುಕೊಳ್ಳುತ್ತದೆ. ಆದುದರಿಂದ ಮೇಲಿನ ತಂಡದ ಎರಡರ ಚಿಪ್ಪು ಅಪರಾಧಿಯಾಗಿರಬೇಕು. ನಾವು ಒತ್ತಿದ ಅಕ್ಷರಗಳನ್ನು ಯಂತ್ರವು ಓದಿಕೊಳ್ಳುವುದು ಕೆಳಗಿನ ತಂಡದಿಂದ. ಎಂದರೆ ‘ಹುಬ್ಳಿ’ ಎಂಬುದನ್ನು ಅದು ಸರಿಯಾಗಿಯೇ ಕೇಳಿಸಿಕೊಂಡಿತ್ತು, ಬರೆದು ತೋರಿಸುವಲ್ಲಿ ಮಾತ್ರ ತಪ್ಪುತ್ತಿತ್ತು.

ಆದರೂ ಹಿರಿಯರು ತೀರ್ಪು ಕೊಡಲಿಲ್ಲ. ಚಿಪ್ಪು ಕೆಡದೆ ಅದರ ಸಾಕೆಟ್ಟಿನಲ್ಲಿ ಕಿಲುಬು ಹಿಡಿದಿರಬಹುದು, ಹಲಗೆಯ ಮೇಲಿನ ತಾಮ್ರದ ಗೆರೆ ಕೆಟ್ಟಿರಬಹುದು. ಈ ಯಂತ್ರದಲ್ಲಿ ಮೆಮರಿಯ ಚಿಪ್ಪುಗಳು ಸಾಕೆಟ್ಟಿನಲ್ಲಿದ್ದುದು ನಮ್ಮ ಪುಣ್ಯ. ಎಲ್ಲ ಯಂತ್ರಗಳಲ್ಲಿಯೂ ಹಾಗಿರುವುದಿಲ್ಲ. ಎರಡರ ಚಿಪ್ಪನ್ನೂ ನಾಲ್ಕರ ಚಿಪ್ಪನ್ನೂ ಕಿತ್ತು ಅದಲುಬದಲು ಮಾಡಿದರು. ಮತ್ತೆ ಅದೇ ಹೆಸರನ್ನು ಒತ್ತಿದಾಗ ಎಲ್, ಯು, ಎಫ್, ಎಲ್, ಎಂ ಎಂದು ಬಂತು. ಉದ್ಧರಣ ಚಿಹ್ನೆಗಳೆಲ್ಲ ಡಾಲರ್ ಚಿಹ್ನೆಗಳಾದವು. ಇಷ್ಟು ಹೊತ್ತು ಪಾರಾಗಿದ್ದ ‘ಬಿಬಿಸಿ’ಯೂ ಕೆಟ್ಟು ಎಫ್, ಎಫ್, ಜಿ ಆಯಿತು. ಎರಡರ ತಪ್ಪು ನಾಲ್ಕರ ತಪ್ಪಾಯಿತೆಂದರೆ ದೋಷವು ಜಾಗದ್ದಲ್ಲ, ಚಿಪ್ಪಿನದೇ. ಈಗ ಮಾತ್ರ ಅವರು ಷರಾ ಬರೆಯಲು ಒಪ್ಪಿದರು: ಹದಿನಾರರಲ್ಲಿ ಒಂದು.

ಬದಲಿ ಚಿಪ್ಪು ಮುಂಬಯಿಯಿಂದ ಬರಲು ಮೂರು ವಾರ ಹಿಡಿಯಿತು. ೪೮೧೬ ಎಂಬ ಈ ಚಿಪ್ಪು ಈಗ ವಿರಳ. ಹೆಸರಿನಲ್ಲಿ ಹತ್ತಿರದ ೪೧೧೬ ಸುಲಭವಾಗಿ ಸಿಗುತ್ತದೆ, ಆದರೆ ಅದಕ್ಕೆ ಮೂರು ಬಗೆಯ ವಿದ್ಯುತ್ತು ಬೇಕು; ಇದರ ಜಾಗದಲ್ಲಿ ಅದನ್ನು ಕೂಡಿಸಲಾಗದು. ಗುಜರಿಗೆ ಹೋದ ಎರಡು ಯಂತ್ರಗಳಲ್ಲಿ ಇದೇ ಚಿಪ್ಪುಗಳು ಮೂವತ್ತೆರಡು ಇದ್ದವು.

ಎಲ್ಲ ರೋಗಗಳೂ ಇಷ್ಟು ಸರಳವಾಗಿರುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಕೆಳಗಿನ ತಂಡ ಕೆಟ್ಟರೆ ತೆರೆಯ ಮೇಲೆ ಒಂದಕ್ಷರವೂ ಮೂಡದೆ ಹೋಗಬಹುದು. ಏಕೆಂದರೆ ಯಂತ್ರದ ಬುದ್ಧಿಯಾದ ೬೫೦೨ ಎಂಬ ಚಿಪ್ಪು, ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋದಾಗ ಮರಳಿ ಎಲ್ಲಿಗೆ ಬರಬೇಕೆಂಬುದನ್ನು ಮೆಮರಿಯ ಮೊದಲ ಪುಟಗಳಲ್ಲಿಯೇ ಬರೆದಿಟ್ಟುಕೊಳ್ಳುತ್ತದೆ. ಆ ಬರಹವೇ ಅಳಿಸಿದರೆ ಅದು ದಾರಿ ತಪ್ಪಿದಂತೆಯೇ. ಇಂಥಲ್ಲಿ ಮೆಮರಿಯನ್ನು ಪರೀಕ್ಷಿಸುವ ಕಾರ್ಯಕ್ರಮವನ್ನು ಮೆಮರಿಯಲ್ಲಿಟ್ಟು ನಡೆಸಿದರೆ ಫಲವೇನು? ಸಂಶಯಕ್ಕೊಳಗಾದ ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂಡಿಸಿದಂತಾಯಿತು! ಆದುದರಿಂದ ಬಲ್ಲವರು ಪರೀಕ್ಷಾ ಕಾರ್ಯಕ್ರಮವನ್ನು ಅಳಿಯದ ‘ರಾಮ್’ ಅಲ್ಲದ ‘ರೋಮ್’ ಚಿಪ್ಪಿನಲ್ಲಿ ಬರೆದು, ಮೆಮರಿಯ ಒಂದು ಬಿಟ್ಟನ್ನೂ ನಂಬದೆ, ೬೫೦೨ರ ಒಳಗಿರುವ ಕೆಲವೇ ಕೋಣೆಗಳಲ್ಲಿ ಲೆಕ್ಕ ಮುಗಿಸುತ್ತಾರೆ. ಪ್ರತಿ ಬೈಟಿಗೂ ೦, ೨೫೫, ೮೫, ೧೭೦ ಎಂಬ ಅಂಕೆಗಳನ್ನು ಬರೆದು ಓದಿ ಬರೆದು ಓದಿ ನೋಡುತ್ತಾರೆ. ಎಲ್ಲ ಸೊನ್ನೆ, ಎಲ್ಲ ಒಂದು, ಆಮೇಲೆ ಒಂದು ಬಿಟ್ಟು ಒಂದು. ಎರಡು ನೆರೆಮನೆಗಳ ನಡುವೆ ಗೋಡೆ ಬಿದ್ದಿದ್ದರೆ ಕೊನೆಯ ಎರಡು ಅಂಕೆಗಳಲ್ಲಿ ಗೊತ್ತಾಗುತ್ತದೆ. ತೆರೆಯ ಮೇಲೆ ‘೩೨ಕೆ’ ಎಂದು ಬಂದ ಮಾತ್ರಕ್ಕೆ ಯಂತ್ರವು ತನ್ನ ಕೋಣೆಗಳನ್ನೆಲ್ಲ ಹೊಕ್ಕು ನೋಡಿತೆಂದು ತಿಳಿಯಬಾರದು.

ಇನ್ನೊಂದು ಬಗೆಯ ಮರೆವಿದೆ. ಅದರಲ್ಲಿ ಮೆಮರಿಯ ತಪ್ಪು ಎಳ್ಳಷ್ಟೂ ಇರುವುದಿಲ್ಲ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬವರು ೧೯೬೬ರಲ್ಲಿ ಕಂಡುಹಿಡಿದ ಈ ಜಾತಿಯ ಮೆಮರಿಯಲ್ಲಿ ಪ್ರತಿ ಬಿಟ್ಟೂ ಒಂದು ಸೋರುವ ಕೊಡ. ತುಂಬಿದ ವಿದ್ಯುತ್ತು ತಾನಾಗಿ ಸೋರಿಹೋಗುತ್ತದೆ. ಸೋರುವ ಮೊದಲೇ, ಈ ಕಾಲದ ಚಿಪ್ಪುಗಳಲ್ಲಿ ಎರಡು ಮಿಲಿಸೆಕೆಂಡಿಗೊಮ್ಮೆ, ಮತ್ತೆ ತುಂಬುತ್ತಿರಬೇಕು. ಬಿ.ಬಿ.ಸಿ. ಮೈಕ್ರೋದಲ್ಲಿ ಈ ತುಂಬುವ ಕೆಲಸಕ್ಕೆ ಬೇರೆ ಆಳಿಲ್ಲ. ತೆರೆಗೆ ಚಿತ್ರ ಒದಗಿಸುವ ೬೮೪೫ ಎಂಬ ಚಿಪ್ಪು ಮೆಮರಿಯನ್ನು ಮೇಲಿಂದ ಮೇಲೆ ಓದುತ್ತಿರುವುದರಿಂದಲೇ ಕೊಡಗಳು ತುಂಬಿರುತ್ತವೆ. ಆ ಚಿಪ್ಪು ಕೆಟ್ಟಿತೆಂದರೆ ಹದಿನಾರೂ ಮೆಮರಿ ಚಿಪ್ಪುಗಳು ಆರೋಗ್ಯವಾಗಿದ್ದೂ ಎಲ್ಲವನ್ನೂ ಮರೆಯುತ್ತವೆ. ೧೯೭೮ರಲ್ಲಿ ಇಂಟೆಲ್ ಕಂಪನಿಯ ಮೇ ಮತ್ತು ವುಡ್ಸ್ ಎಂಬಿಬ್ಬರು ಇದಕ್ಕಿಂತಲೂ ಸೋಜಿಗದ ಸಂಗತಿಯನ್ನು ಹೊರಗೆಡಹಿದರು. ಚಿಪ್ಪಿನ ಪಿಂಗಾಣಿ ಹೊದಿಕೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಯುರೇನಿಯಂ, ಥೋರಿಯಂಗಳು ಹೊರಸೂಸುವ ಆಲ್ಫಾ ಕಣಗಳು ತಾಗಿದಾಗ ಬಿಟ್ಟೊಂದು ಬದಲಾಗುತ್ತಿತ್ತು. ಮರುಗಳಿಗೆ ಪರೀಕ್ಷಿಸಿದರೆ ಚಿಪ್ಪಿನಲ್ಲಿ ಯಾವ ದೋಷವೂ ಇಲ್ಲ!

ಇನ್ನು ಕಲಾ ಕಾಲೇಜಿನವನ ಉಸಾಬರಿಯ ಪ್ರಶ್ನೆ. ೧೯೩೯ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದ ಊರು ನಮ್ಮ ಧಾರವಾಡ. ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಗ್ರಂಥಸಂಪಾದನೆ ಮಾಡುವವರು ಅನುಸರಿಸುವ ಹಾದಿಯೂ ಆ ಹಿರಿಯ ಮೆಕ್ಯಾನಿಕರು ಅನುಸರಿಸಿದ ಹಾದಿಯೂ ಬೇರೆಯಲ್ಲವೆಂದು ನನಗೆ ತೋರುತ್ತದೆ. ಒಬ್ಬ ಲಿಪಿಕಾರನು ದಕಾರವಿರಬೇಕಾದಲ್ಲೆಲ್ಲ ಧಕಾರವನ್ನೇ ಬರೆದಿದ್ದರೆ ಅವನ ಪ್ರತಿಯನ್ನು ಯಾವ ಸಂಪಾದಕನೂ ಬಾವಿಗೆ ಎಸೆಯುವುದಿಲ್ಲ. ತಪ್ಪಿನ ಸ್ವಭಾವ ತಿಳಿದ ಮೇಲೆ ಅಂಥ ಪ್ರತಿಯೂ ನಂಬಿಕೆಗೆ ಯೋಗ್ಯವಾಗುತ್ತದೆ. ಹುಳ ತಿಂದ ಜಾಗ ಬೇರೆ, ಲಿಪಿಕಾರನ ಅಜ್ಞಾನ ಬೇರೆ, ಮೂಲಪ್ರತಿಯಲ್ಲಿಯೇ ಇದ್ದ ತಪ್ಪು ಬೇರೆ. ಇವನ್ನು ಬೇರ್ಪಡಿಸಲು ಇನ್ನೊಂದು ಪ್ರತಿಯೊಡನೆ ಹೋಲಿಸುತ್ತಾರೆ. ಚಿಪ್ಪನ್ನು ಅದಲುಬದಲು ಮಾಡಿದ್ದೂ ಅದೇ. ವರ್ಗದಲ್ಲಿ ನಾವು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ, ದುರಸ್ತಿಯ ಅಂಗಡಿಯಲ್ಲಿ ದಿನಾಲು ಅದನ್ನೇ ನಡೆಸುತ್ತಾರೆ. ಒಂದಕ್ಕೆ ಪದವಿಯ ಗೌರವ, ಇನ್ನೊಂದಕ್ಕೆ ‘ರಿಪೇರಿಯವ’ ಎಂಬ ಹೆಸರು.

ಈ ಷರಾ ಯಂತ್ರಗಳಿಗೆ ಮಾತ್ರ ಬೀಳುತ್ತದೆಂದು ಯಾರೂ ತಿಳಿಯಬಾರದು. ನನ್ನ ತಂದೆಯವರನ್ನು ನಾಲ್ಕನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದ್ದು ‘ಹುಡುಗನಿಗೆ ಹೇಳಿದ್ದು ನೆನಪು ನಿಲ್ಲುವುದಿಲ್ಲ’ ಎಂಬ ಒಂದೇ ಮಾತಿನ ಮೇಲೆ. ಅವರು ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ ಮಾಡುತ್ತಾರೆ. ಯಾವ ಗಾಡಿಯಿಂದ ಯಾರ ಅಂಗಡಿಗೆ ಎಷ್ಟು ಚೀಲ ಇಳಿದವೆಂಬುದನ್ನು ಚೀಟಿಯಿಲ್ಲದೆ ಸಂಜೆಯವರೆಗೆ ನೆನಪಿಟ್ಟು ಹೇಳುತ್ತಾರೆ. ಅವರಿಗೆ ದೂರದ ಅಕ್ಷರ ಕಾಣುವುದಿಲ್ಲವೆಂಬುದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಉಚಿತ ನೇತ್ರ ತಪಾಸಣೆಯ ದಿನ. ಹಲಗೆಯ ಮೇಲೆ ಬರೆದದ್ದು ಒಳಗೆ ಹೋಗಿಯೇ ಇರಲಿಲ್ಲ. ನಿಲ್ಲುವ ಮಾತೆಲ್ಲಿಂದ ಬಂತು?

ಅದಿರಲಿ. ನನ್ನ ವಾದಕ್ಕೆ ಬರುವ ಮುಖ್ಯ ಆಕ್ಷೇಪಣೆಯನ್ನು ನಾನು ಬಲ್ಲೆ. ೩೨ ಕಿಲೋಬೈಟಿನ ಮುದಿ ಯಂತ್ರವನ್ನು ಬದುಕಿಸಿ ಮಾಡುವುದೇನು? ವ್ಯವಹಾರಕ್ಕೆ ಅದು ಬರುವುದಿಲ್ಲ, ನಿಜ. ಆದರೆ ಕಲಿಯುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೆಮರಿಯನ್ನು ಹಲಗೆಗೇ ಬೆಸೆದಿರುತ್ತಾರೆ. ಕೆಟ್ಟರೆ ಇಡೀ ಹಲಗೆಯನ್ನೇ ಬದಲಿಸಿರೆಂದು ಹೇಳಿಬಿಡುತ್ತಾರೆ. ಬಿ.ಬಿ.ಸಿ. ಮೈಕ್ರೋದಲ್ಲಿ ಹದಿನಾರನ್ನೂ ಬೆರಳಿಟ್ಟು ಎಣಿಸಬಹುದು. ಕೆಟ್ಟದ್ದನ್ನೆಲ್ಲ ಎಸೆಯುವುದೇ ಆಧುನಿಕತೆಯೆಂದು ನಂಬಿದವರಿಗೆ ಒಂದು ಸಂಗತಿ ಹೇಳುತ್ತೇನೆ. ೧೯೮೨ರಲ್ಲಿ ಇಂಗ್ಲೆಂಡಿನಲ್ಲಿ 'ಸಿಂಕ್ಲೇರ್ ಸ್ಪೆಕ್ಟ್ರಮ್' ಎಂಬ ಅಗ್ಗದ ಗೃಹಗಣಕ ಬಂದಿತು. ಅದರ ೪೮ಕೆ ಮಾದರಿಯಲ್ಲಿ ಹಾಕಿದ್ದ ಎಂಟು ದೊಡ್ಡ ಚಿಪ್ಪುಗಳು ಅರ್ಧ ಕೆಟ್ಟವು! ೬೪ ಕಿಲೋಬಿಟ್ಟಿನ ಚಿಪ್ಪುಗಳಲ್ಲಿ ಒಂದು ಅರ್ಧ ದೋಷವುಳ್ಳವನ್ನು ಆರಿಸಿ, ಯಾವ ಅರ್ಧ ಒಳ್ಳೆಯದೆಂದು ಗುರುತು ಮಾಡಿ, ಒಂದು ಸಣ್ಣ ತಂತಿಯಿಂದ ಆ ಅರ್ಧಕ್ಕೆ ಮಾತ್ರ ದಾರಿ ಕೊಟ್ಟು ೩೨ ಕಿಲೋಬಿಟ್ಟೆಂದು ಬಳಸಿದರು. ಎಲ್ಲಿ ಕೆಟ್ಟಿದೆಯೆಂದು ತಿಳಿದುದರಿಂದಲೇ ಉಳಿದರ್ಧ ಕೆಲಸಕ್ಕೆ ಬಂತು.

ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಪಾಟುಗಳಿಗೂ ಮಿತಿಯಿದೆ. ೨೦೨೩ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಹಳೆಯ ಯಂತ್ರಗಳನ್ನು ಕರಗಿಸುವವರಿಗೆ ಮಾತ್ರವಲ್ಲ, ಸರಿಪಡಿಸಿ ಮರಳಿ ಬಳಕೆಗೆ ತರುವವರಿಗೂ ನೋಂದಣಿಯ ಅವಕಾಶವಿತ್ತಿವೆ. ಕಾನೂನು ಬಾಗಿಲು ತೆರೆದಿರುವಾಗ ರಜಿಸ್ಟರಿನಲ್ಲಿ ನಾವೇ ಅಗಳಿ ಹಾಕುವುದೇಕೆ?

ನನ್ನ ಸೂಚನೆ ಚಿಕ್ಕದು. ಡೆಡ್ ಸ್ಟಾಕ್ ಪಟ್ಟಿಯಲ್ಲಿ ಷರಾದ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಎಳೆಯಬೇಕು: ‘ಹೇಗೆ ತಿಳಿಯಿತು?’ ಅದು ಖಾಲಿಯಿದ್ದರೆ ಆ ವಸ್ತುವನ್ನು ಹೊರಹಾಕಕೂಡದು. ನಮ್ಮ ಕಾಲೇಜಿನ ಮಾಳಿಗೆಯ ಕೋಣೆಯಲ್ಲಿ ‘ಮೆಮರಿ ಹೋಗಿದೆ’ ಎಂಬ ಚೀಟಿ ಹಚ್ಚಿದ ಗಣಕಗಳು ಆರು ಇವೆ. ಇವು ಹೊಸ ಕಾಲದವು. ಇವುಗಳ ಪರೀಕ್ಷೆ ಇನ್ನೂ ಸುಲಭ. ಮೆಮರಿಯ ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಮತ್ತೆ ಕೂಡಿಸಿ, ಪೆನ್‌ಡ್ರೈವಿನಿಂದ ‘ಮೆಮ್‌ಟೆಸ್ಟ್’ ಎಂಬ ಉಚಿತ ಕಾರ್ಯಕ್ರಮವನ್ನು ರಾತ್ರಿಯಿಡೀ ನಡೆಸಿದರೆ ಮುಂಜಾನೆ ಉತ್ತರ ಸಿದ್ಧ. ಮಾರ್ಚಿನಲ್ಲಿ ಪಟ್ಟಿ ತಯಾರಾಗುವ ಮೊದಲು ಒಂದು ಶನಿವಾರ ಮಧ್ಯಾಹ್ನ ಆ ಕೋಣೆಯ ಕೀಲಿಯನ್ನು ಕೊಡಿಸಬೇಕೆಂದು ಗುರುಗಳಲ್ಲಿ ವಿನಂತಿ. ಮೀಟರು ನಾನು ತರುತ್ತೇನೆ.